ಪ ಫ ಬ ಭ ಮ

“ಕಹಾಂ ಜಾನಾ ಹೈ?” ಅಂದ ಆಟೋದವನು.

ಜಯನಗರ ನಾಲ್ಕನೇ ಬ್ಲಾಕ್, ಮಧ್ಯಾಹ್ನ ಹನ್ನೆರಡೂವರೆ. ಕೆಳಗಿನ ಎಡಗಡೆಯ ಕಟ್ಟಕಡೆಯ ದವಡೆ ಹಲ್ಲನ್ನು ಕೀಳಿಸಿಕೊಂಡು ಆಗಷ್ಟೇ ಮೆಟ್ಟಿಲಿಳಿದು ಬಂದಿದ್ದೆ. ಹಲ್ಲಿದ್ದ ಜಾಗದಲ್ಲಿ ಮಡಚಿದ ಗಾಜ್ ಬಟ್ಟೆ ಕೂತಿತ್ತು. “ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಕೊಂಡಿರಿ. ಉಗೀಬೇಡಿ, ಮುಕ್ಕಳಿಸ್ಬೇಡಿ, ಮಾತು ಕಮ್ಮಿ ಮಾಡಿ” ಅಂತ ಹೇಳಿ ಡಾಕ್ಟರಮ್ಮ ಕಳಿಸಿದ್ದರು. ಹೆಂಡತಿ ಜೊತೆಗೆ ಬರ್ತೀನಿ ಅಂದಿದ್ದಳು. ಒಂದು ಹಲ್ಲು ಕೀಳಿಸೋಕೆ ಇಬ್ಬರು ಯಾಕೆ, ಬೇಡ ಅಂದಿದ್ದೆ. ಆಗಿನ್ನೂ ನನಗೆ ಬೇಡ ಅನ್ನೋಕೆ ಬರುತ್ತಿತ್ತು.

ಕೀಳಿಸಿದ್ದರ ಬಗ್ಗೆ ಹೇಳುವುದು ಜಾಸ್ತಿ ಏನಿಲ್ಲ. ಇಂಜೆಕ್ಷನ್ ಚುಚ್ಚಿದರು, ಇಕ್ಕಳ ಹಾಕಿದರು, ಅಲ್ಲಾಡಿಸಿದರು, ಬಂತು. ಎರಡು ಹೊಲಿಗೆ ಹಾಕಿದರು. ನಾನು ಹೆದರಿದ್ದು ಒಂದೇ ಸಲ, ಡಾಕ್ಟರಮ್ಮ ನರ್ಸಿಗೆ “ಥರ್ಟಿ ಎಯ್ಟ್” ಅಂದಾಗ. ಮನುಷ್ಯನಿಗೆ ಇರುವುದೇ 32 ಹಲ್ಲು. ಮೂವತ್ತೆಂಟನೆಯದನ್ನು ಇವರು ಎಲ್ಲಿಂದ ಕೀಳುತ್ತಾರೆ? ಆಮೇಲೆ ಗೊತ್ತಾಯಿತು, ಬಾಯನ್ನು ನಾಲ್ಕು ಪಾಲು ಮಾಡಿ ಲೆಕ್ಕ ಹಾಕುತ್ತಾರಂತೆ. ಕೆಳಗಿನ ಎಡಗಡೆ ಮೂರನೇ ಪಾಲು, ಅದರಲ್ಲಿ ಮುಂದಿನಿಂದ ಎಣಿಸಿದರೆ ಎಂಟನೇ ಹಲ್ಲು. ಮೂರು, ಎಂಟು. ಲೇಔಟಿನಲ್ಲಿ ಸೈಟಿಗೆ ನಂಬರು ಕೊಟ್ಟ ಹಾಗೆ. ಕುರ್ಚಿಯಲ್ಲಿ ಒರಗಿ ಮೇಲಿನ ದೀಪ ನೋಡುತ್ತಿದ್ದಾಗ ಬದುಕಿನ ಬಗ್ಗೆ ನನಗೊಂದು ದೊಡ್ಡ ಮಾತು ಹೊಳೆಯಿತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆಟೋ ವಿಷಯ ಮುಗಿಯಲಿ.

“ಬನಶಂಕರಿ” ಅಂದೆ. ಅಂದೆ ಅಂದುಕೊಂಡೆ, ಅಷ್ಟೆ. ಕೆಳತುಟಿಯ ಎಡ ಅರ್ಧ ಇನ್ನೂ ಮರಗಟ್ಟಿತ್ತು. ಮುಟ್ಟಿದರೆ ಬೇರೆ ಯಾರದೋ ತುಟಿ ಮುಟ್ಟಿದ ಹಾಗೆ. ಹೊರಗೆ ಬಂದದ್ದು “ಅನಹಂಕಯಿ”.

“ಯಲಹಂಕಾ? ಛೇ ಸೌ” ಅಂದ.

ಆರುನೂರು! ಯಲಹಂಕ ಊರಿನ ಆ ತುದಿ. ನನ್ನ ಮನೆ ಇರುವುದು ನಾಲ್ಕು ಕಿಲೋಮೀಟರ್ ದೂರದಲ್ಲಿ. ಮೆಟ್ರೋದಲ್ಲಿ ಹೋದರೆ ಎರಡೇ ಸ್ಟೇಷನ್, ಅದೂ ಗೊತ್ತು. ಬಾಯಿ ತುಂಬಾ ರಕ್ತದ ಎಂಜಲು ಇಟ್ಟುಕೊಂಡು ಎಸ್ಕಲೇಟರ್ ಹತ್ತುವ ಮನಸ್ಸಿರಲಿಲ್ಲ. ಫೋನಿನಲ್ಲಿ ಟೈಪ್ ಮಾಡಿ ತೋರಿಸಬಹುದಿತ್ತಲ್ಲ ಅಂತ ಮಗಳು ಆಮೇಲೆ ಹೇಳಿದಳು. ಆಮೇಲೆ ಹೇಳುವವರಿಗೆ ನಮ್ಮ ಮನೆಯಲ್ಲಿ ಬರ ಇಲ್ಲ.

ಆಗ ನೆನಪಾದವರು ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು. ವರ್ಣಮಾಲೆಯಲ್ಲಿ ಪವರ್ಗ ಬಂದರೆ ಅವರಿಗೆ ಎಲ್ಲಿಲ್ಲದ ಹುರುಪು. “ಪ ಫ ಬ ಭ ಮ. ಓಷ್ಠ್ಯ! ಎರಡು ತುಟಿ ಸೇರಿಸ್ದೆ ಹೇಳ್ರೋ ನೋಡೋಣ” ಅಂತ ಸವಾಲು ಹಾಕುತ್ತಿದ್ದರು. ಉತ್ತರಪತ್ರಿಕೆಯ ಅಂಚು ಹರಿದು, ಆ ಚೀಟಿಯನ್ನು ಬಾಯಿ ಮುಂದೆ ಹಿಡಿಯುತ್ತಿದ್ದರು. ಪ ಅಂದರೆ, ಬ ಅಂದರೆ ಚೀಟಿ ಸುಮ್ಮನಿರಬೇಕು. ಫ, ಭ ಅಂದರೆ ಹಾರಾಡಬೇಕು. ಭಕಾರದ ಹೊತ್ತಿಗೆ ಮುಂದಿನ ಬೆಂಚಿನವರಿಗೆಲ್ಲ ತುಂತುರು ಮಳೆ. ಅವರ ಸವಾಲಿಗೆ ಮೂವತ್ತೈದು ವರ್ಷದ ನಂತರ ಜಯನಗರದ ಫುಟ್‌ಪಾತಿನಲ್ಲಿ ಉತ್ತರ ಸಿಕ್ಕಿತು. ಆಗಲ್ಲ ಸಾರ್.

ತುಟಿ ಇಲ್ಲದವನಿಗೆ ಈ ಊರಿನಲ್ಲಿ ಹೋಗೋಕೆ ಜಾಗವೇ ಇಲ್ಲ ನೋಡಿ. ಬಸವನಗುಡಿ ಇಲ್ಲ, ಮಲ್ಲೇಶ್ವರ ಇಲ್ಲ, ಪೀಣ್ಯ ಇಲ್ಲ, ಮೆಜೆಸ್ಟಿಕ್ ಇಲ್ಲ. ಬೊಮ್ಮನಹಳ್ಳಿ ಕೇಳಲೇಬೇಡಿ. ಪದ್ಮನಾಭನಗರದಲ್ಲಿ ಪ, ಮ, ಭ ಮೂರೂ ಇವೆ, ಅಲ್ಲಿಯವರು ಹಲ್ಲು ಕೀಳಿಸಿಕೊಂಡರೆ ನಡೆದೇ ಮನೆಗೆ ಹೋಗಬೇಕು. ಕೆಂಗೇರಿಗೆ ಹೋಗಬಹುದು. ಯಲಹಂಕ, ಹಲಸೂರು, ಗಾಂಧಿನಗರ ಆಗುತ್ತದೆ. ಜಯನಗರವೂ ಆಗುತ್ತದೆ, ಆದರೆ ನಾನು ನಿಂತಿದ್ದದ್ದೇ ಅಲ್ಲಿ. 1537ರಲ್ಲಿ ಊರು ಕಟ್ಟಿದ ಕೆಂಪೇಗೌಡರ ಹೆಸರಿಗೂ ತುಟಿ ಬೇಕು, ಊರಿನ ಹೆಸರಿಗೂ ಬೇಕು.

ಸರಿ, ಹೇಗೋ ಜಾಗ ಹೇಳಿದೆ ಅಂತ ಇಟ್ಟುಕೊಳ್ಳಿ. ಬಾಡಿಗೆ? ಮೀಟರ್ ಪ್ರಕಾರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಒಂದೊಂದಕ್ಕೆ 18. ನನ್ನ ಮನೆಗೆ 72 ಆಗಬೇಕು. “ಮೀಟರ್” ಅನ್ನೋಕೆ ಬರಲಿಲ್ಲ. “ಎಪ್ಪತ್ತು” ಬರಲಿಲ್ಲ. “ಎಂಬತ್ತು” ಬರಲಿಲ್ಲ. ಬೇಕಾದರೆ ನೀವೇ ಎಣಿಸಿ ನೋಡಿ. ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಒಂದೊಂದರಲ್ಲೂ ಪ, ಬ, ಇಲ್ಲದಿದ್ದರೆ ವ. ವಕಾರಕ್ಕೂ ಕೆಳತುಟಿ ಮೇಲಿನ ಹಲ್ಲಿಗೆ ತಾಗಬೇಕು. ನೂರರವರೆಗೆ ತುಟಿಯ ಹಂಗಿಲ್ಲದೆ ಹೇಳಬಹುದಾದ ದುಂಡು ಮೊತ್ತ ಎರಡೇ. ಹತ್ತು, ಇಲ್ಲವೇ ನೂರು. ಹತ್ತು ರೂಪಾಯಿ ಅಂದರೆ ಈ ಊರಿನಲ್ಲಿ ಒದೆ ಬೀಳುತ್ತದೆ.

ಹತ್ತು ಹೇಗೆ ತಪ್ಪಿಸಿಕೊಂಡಿತು ಅಂತ ಕೇಳಿ. ಹಳಗನ್ನಡದಲ್ಲಿ ಅದು ಪತ್ತು. ಹಾಲು ಪಾಲ್, ಹುಲಿ ಪುಲಿ. ಹಲ್ಲು ಕೂಡ ಪಲ್. ಕೆಲವು ಶತಮಾನ ಕಳೆಯುವಷ್ಟರಲ್ಲಿ ಪದದ ಮೊದಲಲ್ಲಿದ್ದ ಪಕಾರ ಸವೆದು ಹಕಾರವಾಯಿತು. ಇಪ್ಪತ್ತು, ಎಪ್ಪತ್ತುಗಳ ಒಳಗೆ ಮಾತ್ರ ಹಳೇ ಪತ್ತು ಹಾಗೇ ಅವಿತುಕೊಂಡು ಕೂತಿದೆ. ಪಕಾರ ಯಾಕೆ ಸವೆಯಿತು ಅನ್ನುವುದಕ್ಕೆ ಭಾಷೆ ಓದಿದವರು ಏನೇನೋ ಹೇಳಬಹುದು. ನನಗಂತೂ ಅನುಮಾನವೇ ಇಲ್ಲ. ಯಾರೋ ಪುಣ್ಯಾತ್ಮ ದವಡೆ ಹಲ್ಲು ಕೀಳಿಸಿಕೊಂಡು ಮನೆಗೆ ಬಂದು “ಹಲ್ಲು, ಹಲ್ಲು” ಅಂತ ನರಳಿದ್ದಾನೆ, ಮನೆಯವರು ಅದನ್ನೇ ಕಲಿತಿದ್ದಾರೆ. ಪಂಪನಿಗೇನಾದರೂ ದವಡೆ ನೋವು ಬಂದಿದ್ದರೆ ಗತಿ ಏನಾಗುತ್ತಿತ್ತು? ತನ್ನ ಹೆಸರನ್ನೇ ಹೇಳೋಕಾಗುತ್ತಿರಲಿಲ್ಲ.

ಆಟೋದವನು ಕಾಯುತ್ತಿದ್ದ. ನಾನು ಎದೆ ಮುಟ್ಟಿಕೊಂಡು “ಕನ್ನಡ” ಅಂದೆ. ಏನಾಶ್ಚರ್ಯ, ಕನ್ನಡ ಅನ್ನೋಕೆ ತುಟಿಯೇ ಬೇಡ! ಕ, ನ, ಡ, ಮೂರೂ ಸಲೀಸಾಗಿ ಬಂದವು. (ಹಿಂದಿ ಅನ್ನೋಕೂ ತುಟಿ ಬೇಡ. ಆ ಮಾತು ಈಗ ಬೇಡ.)

“ಅಯ್ಯೋ, ನಮ್ಮೋರೇನಾ ಸಾರ್? ಹಂಗ್ ಹೇಳ್ಬಾರ್ದಾ!” ಅಂದ.

ಹೇಳ್ಬಾರ್ದಾ ಅಂತೆ. ಬಾಯಿ ಮುಚ್ಚಿಕೊಂಡು ನಿಂತವನು ಕನ್ನಡದವನಾಗಿರಲಾರ ಅಂತ ತೀರ್ಮಾನ ಮಾಡಿದ್ದು ಯಾರು? ಈ ಊರಿನಲ್ಲಿ ಜಾಸ್ತಿ ಬಾಯಿ ಮುಚ್ಚಿಕೊಂಡಿರುವವರು ನಾವೇ ಅಲ್ವಾ? ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಯಾರು ಯಾವ ಭಾಷೆಯಲ್ಲಿ ಕೇಳಿದರೆ ಆ ಭಾಷೆಯಲ್ಲೇ ತಡವರಿಸಿಕೊಂಡು ಉತ್ತರ ಕೊಡುತ್ತೇವೆ. ಅದಕ್ಕೆ ಇಂಜೆಕ್ಷನ್ನೇ ಬೇಕಾಗಿಲ್ಲ. ಇದನ್ನೆಲ್ಲ ಅವನಿಗೆ ಹೇಳಬೇಕು ಅನ್ನಿಸಿತು, ಬಾಯಲ್ಲಿ ಬಟ್ಟೆ ಇತ್ತು. ಕೈ ಮುಗಿದು, ನಿಂಬೆಹಣ್ಣು ಕೊಯ್ಯುವ ಹಾಗೆ ಮಾಡಿ, ಹಿಂಡಿ, ಸಿಪ್ಪೆ ಮಗುಚಿ, ಬತ್ತಿ ಇಟ್ಟು ದೀಪ ಹಚ್ಚಿ ತೋರಿಸಿದೆ.

“ಬನಶಂಕರಮ್ಮ!” ಅಂದ. ಕ್ವಿಜ್ ಗೆದ್ದವನ ಖುಷಿ ಅವನ ಮುಖದಲ್ಲಿ. “ನೂರೈವತ್ತು ಕೊಡಿ.”

“ನೂಉ” ಅಂದೆ. ನನ್ನ ಹತ್ತಿರ ಇದ್ದದ್ದು ಅದೊಂದೇ ಸಂಖ್ಯೆ. ಒಪ್ಪಿಕೊಂಡ. ಹೀಗೆ ತುಟಿ ಕೈಕೊಟ್ಟಿದ್ದಕ್ಕೆ ನನಗೆ 28 ರೂಪಾಯಿ ನಷ್ಟ.

ಮನೆಗೆ ಬಂದರೆ ಹೆಂಡತಿ “ಐಸ್‌ಕ್ರೀಮ್ ಬೇಕಾ ಬೇಡ್ವಾ?” ಅಂದಳು. ಬೇಕು ಅನ್ನೋಕೂ ತುಟಿ ಬೇಕು, ಬೇಡ ಅನ್ನೋಕೂ ಬೇಕು. ಅಮ್ಮ, ಅಪ್ಪ ಅಂತ ಕರೆಯೋಕಾಗಲ್ಲ, ಅಕ್ಕ, ಅಣ್ಣ, ತಾತ ಅನ್ನಬಹುದು. ಸಾಕು ಅನ್ನೋಕೆ ಮಾತ್ರ ಅಡ್ಡಿಯಿಲ್ಲ. ಆದರೆ ಇನ್ನೂ ಯಾರೂ ಏನೂ ಕೊಟ್ಟಿರಲಿಲ್ಲ. ಮೂರು ಗಂಟೆಗೆ ಜೋಮು ಇಳಿಯಿತು. ಪವರ್ಗ ವಾಪಸ್ ಬಂತು, ಅದರ ಹಿಂದೆಯೇ ನೋವೂ ಬಂತು.

ಆಮೇಲಿನ ದಿನಗಳು ಎಲ್ಲರಿಗೂ ಗೊತ್ತಿರುವಂಥವೇ. ದಿನಕ್ಕೆ ಮೂರು ಹೊತ್ತು ಮಾತ್ರೆ. ಮಾರನೇ ದಿನದಿಂದ ಬೆಚ್ಚಗಿನ ಉಪ್ಪುನೀರು. ಮಿಕ್ಸಿಗೆ ಹಾಕಿದ ಮೊಸರನ್ನ, ಅದನ್ನು ನೆನೆಸಿಕೊಳ್ಳೋದೂ ಬೇಡ. ಸ್ಟ್ರಾ ಹಾಕಿ ಕುಡಿಯಬಾರದು, ಎಳೆದ ರಭಸಕ್ಕೆ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ಮೂಳೆ ತೆರೆದುಕೊಂಡು ಪ್ರಾಣ ಹೋಗುವಷ್ಟು ನೋವಂತೆ. ಎಳನೀರಿನವನಿಗೆ ಇದನ್ನು ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. ಕಾಯಿಯನ್ನೇ ಎತ್ತಿ ಕುಡಿದೆ, ಅರ್ಧ ಅಂಗಿ ಕುಡಿಯಿತು. ಪಕ್ಕದ ಮನೆಯವರು ಹಲ್ಲಿಗೆ ಲವಂಗ ಇಟ್ಟುಕೊಳ್ಳಿ ಅಂದರು. ಇಲ್ಲದ ಹಲ್ಲಿಗೆ! ಐದು ಜನ ಗಾದೆ ಹೇಳಿದರು. ಯಾವ ಗಾದೆ ಅಂತ ನಾನು ಹೇಳುವುದಿಲ್ಲ, ನಿಮಗೂ ಅದೇ ಬಾಯಿಗೆ ಬಂದಿರುತ್ತದೆ, ದಯವಿಟ್ಟು ನುಂಗಿಕೊಳ್ಳಿ.

38ನೇ ನಂಬರಿನ ಸೈಟು ಖಾಲಿ ಆಯಿತಲ್ಲ, ಬೆಂಗಳೂರಿನ ಖಾಲಿ ಸೈಟಿಗೆ ಏನಾಗುತ್ತದೋ ಅದಕ್ಕೂ ಅದೇ ಆಯಿತು. ಬೆಳಗ್ಗೆ ಒಂದು ಅಗುಳು, ಸಂಜೆ ಒಗ್ಗರಣೆಯ ಎರಡು ಸಾಸಿವೆ. ಯಾರು ತಂದು ಹಾಕುತ್ತಾರೋ ಕಾಣಿಸುವುದಿಲ್ಲ. ನಾಲಿಗೆ ಮಾತ್ರ ದಿನಕ್ಕೆ ನೂರು ಸಲ ಹೋಗಿ ಇಣುಕಿ ಬರುತ್ತದೆ, ಮಾಡುವುದೇನೂ ಇಲ್ಲ.

ಕೊನೆಗೆ ಒಂದು ದೊಡ್ಡ ಮಾತು ಹೇಳುತ್ತೇನೆ ಅಂದಿದ್ದೆ. ಕುರ್ಚಿಯಲ್ಲಿ ತುಂಬಾ ಚೆನ್ನಾಗಿ ಹೊಳೆದಿತ್ತು. ಅದರಲ್ಲಿ ಪವರ್ಗ ಜಾಸ್ತಿ ಇತ್ತೋ ಏನೋ, ಜೋಮು ಇಳಿಯುವಷ್ಟರಲ್ಲಿ ಮರೆತುಹೋಯಿತು.

ಒಂದು ವಾರಕ್ಕೆ ಹೊಲಿಗೆ ಬಿಚ್ಚಿಸಿಕೊಂಡು ಬಂದೆ. ಅದೇ ಫುಟ್‌ಪಾತು. ಈಗ ತುಟಿ ಎರಡೂ ನನ್ನವೇ. ಮೆಟ್ಟಿಲಿಳಿಯುವಾಗಲೇ ಮೆಲ್ಲಗೆ ಒಂದು ಸಲ ಹೇಳಿಕೊಂಡೆ. ಆಟೋ ಬಂದು ನಿಂತಿತು. “ಬನಶಂಕರಿ. ಮೀಟರ್ ಮೇಲೆ ಇಪ್ಪತ್ತು ಕೊಡ್ತೀನಿ” ಅಂದೆ. ಮೇಷ್ಟ್ರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು.

ಅವನು ನನ್ನ ಮುಖ ಕೂಡ ನೋಡಲಿಲ್ಲ. “ಆ ಕಡೆ ಬರಲ್ಲ” ಅಂತ ಹೇಳಿ ಹೊರಟೇಹೋದ. ಬಕಾರ ಮಾತ್ರ ಎಷ್ಟು ಶುದ್ಧವಾಗಿತ್ತು ಅಂದರೆ, ಬಾಯಿ ಮುಂದೆ ಚೀಟಿ ಹಿಡಿದಿದ್ದರೂ ಅಲ್ಲಾಡುತ್ತಿರಲಿಲ್ಲ.