ಹಳೆ ಕುಲಾವಿಯಿಂದ ಕೂಸಿಗೆ ಕಾಯಿಲೆ ಬರುತ್ತಾ? ಸತ್ಯಾಂಶ

'ಬೇರೆ ಮಗು ಹಾಕಿ ಬಿಟ್ಟ ಬಟ್ಟೆ ಹಾಕಿದರೆ ಅದರ ಕಾಯಿಲೆಯೆಲ್ಲ ನಿಮ್ಮ ಮಗುವಿಗೆ ಬರುತ್ತೆ, ಹೊಸದನ್ನೇ ಹಾಕಿ' ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಒಗೆದು ಚೆನ್ನಾಗಿ ಒಣಗಿಸಿ ಎತ್ತಿಟ್ಟ ಬಟ್ಟೆಯಲ್ಲಿ ಕಾಯಿಲೆ ವರ್ಷಗಟ್ಟಲೆ ಕೂತಿರುವುದಿಲ್ಲ. ಕಜ್ಜಿ ಹುಳು ಕೂಡ ಮನುಷ್ಯರ ಮೈ ಬಿಟ್ಟರೆ ಸಾಮಾನ್ಯವಾಗಿ 2-3 ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಹೊಸ ಬಟ್ಟೆಗೋ, ಸುಕ್ಕಾಗದಿರಲಿ ಅಂತ ಕೆಲವೊಮ್ಮೆ ಫಾರ್ಮಾಲ್ಡಿಹೈಡ್ ಇರುವ ರಾಸಾಯನಿಕ ಹಾಕಿರುತ್ತಾರೆ. ಹಾಗಾಗಿ ಹೊಸದನ್ನೂ ಒಗೆದೇ ಹಾಕಬೇಕು. ಹತ್ತಾರು ಸಲ ಒಗೆದ ಹತ್ತಿ ಅಂಗಿ ಎಷ್ಟು ಮೆತ್ತಗಿರುತ್ತೆ, ಅಲ್ವಾ? ನಮ್ಮ ಅಜ್ಜಿಯರು ಹಳೆ ಸೀರೆ ಹರಿದು ಕೂಸಿಗೆ ಸುತ್ತುತ್ತಿದ್ದದ್ದು ಸುಮ್ನೆ ಅಲ್ಲ. ಅಕ್ಕನ ಮಗನ ಕುಲಾವಿಯಲ್ಲಿ ತಂಗಿಯ ಮಗಳ ಮುಖ ನೋಡುವ ಖುಷಿಯೇ ಬೇರೆ.

ನಿಜವಾಗಿ ಹೆದರಬೇಕಾದದ್ದು ಪೆಟ್ಟಿಗೆಯೊಳಗಿನ ನುಸಿಗುಳಿಗೆಗೆ, ಅಂದರೆ ನ್ಯಾಫ್ತಲೀನ್‌ಗೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಕೂಸಿಗೆ ಈ ಗುಳಿಗೆಯ ಆವಿಯಿಂದಲೇ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಮಗುವನ್ನು ನೋಡಿದರೆ ಈ ಕೊರತೆ ಗೊತ್ತಾಗುವುದಿಲ್ಲ. ಆದ್ದರಿಂದ ಕೂಸಿನ ಬಟ್ಟೆ ಜೊತೆ ನುಸಿಗುಳಿಗೆ ಇಡಲೇಬೇಡಿ. ವಾಸನೆ ಇರುವ ಬಟ್ಟೆ ಕೊಡಲೂ ಬೇಡಿ.

ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಬಿಸಿಲೇ ಅಪರೂಪ. ಒದ್ದೆ ಉಳಿದರೆ ಬೂಷ್ಟು ಹಿಡಿಯುತ್ತೆ. ಹಂಡೆಯ ಬಿಸಿನೀರಲ್ಲಿ ಒಗೆದು, ಒಳಗೆ ಗಾಳಿಗೆ ಹರವಿ, ಕೊನೆಗೆ ಇಸ್ತ್ರಿ ಹಾಕಿ. ಸಡಿಲವಾದ ಗುಂಡಿ, ಕುತ್ತಿಗೆಯ ಉದ್ದ ದಾರ ಇದ್ದರೆ ಮೊದಲೇ ಕತ್ತರಿಸಿಬಿಡಿ.