ಖುಷ್ಕಿ ಹೊಲದ ಇಂಗಾಲಕ್ಕೆ ರೈತರಿಗೆ ಹಣ ಕೊಡಬೇಕೇ?

ಪರ

ಮೇ ತಿಂಗಳಲ್ಲಿ ವಿಜಯಪುರದ ಕಡೆಯ ಎರೆ ಹೊಲಕ್ಕೆ ಇಳಿದು ನೋಡಿ. ಬಿರುಕಿನೊಳಗೆ ಕೈ ಮೊಣಕೈವರೆಗೂ ಹೋಗುತ್ತದೆ. ಇಂಥ ಖುಷ್ಕಿ ಜಮೀನಿನ ಮಣ್ಣಿನಲ್ಲಿ ಸಾವಯವ ಇಂಗಾಲ, ಅಂದರೆ ಬೇರು, ಎಲೆ, ಗೊಬ್ಬರ ಕೊಳೆತು ಸೇರುವ ಇಂಗಾಲ, ಅನೇಕ ಕಡೆ ಶೇ 0.5 ಕೂಡ ಇಲ್ಲ. ಅಂದರೆ ತುಂಬಲು ಇನ್ನೂ ಜಾಗವಿದೆ.

ಮಳೆಯಂತೂ ಹದ ಮರೆತಿದೆ. 2009ರಲ್ಲಿ ಮುಂಗಾರು ಕೈಕೊಟ್ಟು ಬಾಡಿದ್ದ ಉತ್ತರ ಕರ್ನಾಟಕ ಸೆಪ್ಟೆಂಬರ್ ಕೊನೆಗೆ ನೆರೆಯಲ್ಲಿ ಮುಳುಗಿತು. ಅಂಥ ಮಳೆ ಬದುವಿಲ್ಲದ ಹೊಲದಿಂದ ಹೊತ್ತೊಯ್ಯುವುದು ಇಂಗಾಲ ಹೆಚ್ಚಿರುವ ಮೇಲ್ಮಣ್ಣನ್ನೇ. ಬದು ಗಟ್ಟಿಯಿದ್ದರೆ ಅದೇ ನೀರು ಆಳಕ್ಕೆ ಇಂಗುತ್ತದೆ, ತೊಗರಿಯ ಬೇರು ಅದರ ಬೆನ್ನು ಹತ್ತಿ ಇಳಿಯುತ್ತದೆ, ಬೇರಿನ ಇಂಗಾಲ ಅಲ್ಲಿ ಸೇರುತ್ತದೆ. ಒಂದು ಟನ್ ಇಂಗಾಲ ಮಣ್ಣಿನಲ್ಲಿ ನಿಂತರೆ ಸುಮಾರು 3.67 ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಯಿಂದ ಇಳಿದಂತೆ. ಬದು ಹಾಕಿ ಗೊಬ್ಬರ ಹೊರುವ ಖರ್ಚು ರೈತನದು, ಅನುಕೂಲ ಎಲ್ಲರದು. ಆ ಖರ್ಚನ್ನಾದರೂ ತುಂಬಿಕೊಡಬೇಡವೇ?

ವಿರೋಧ

ಬದುವಿನ ಕೂಲಿ ಕೊಡಿ, ಧಾರಾಳವಾಗಿ ಕೊಡಿ. ಮಣ್ಣಿನಲ್ಲಿ ಹಿಡಿದಿಟ್ಟ ಇಂಗಾಲವನ್ನು ಟನ್ನಿನ ಲೆಕ್ಕದಲ್ಲಿ ಮಾರುವುದಕ್ಕೆ ಮಾತ್ರ ನನ್ನ ವಿರೋಧ.

ಒಣಗಿದ ಮಣ್ಣು ನೆನೆದಾಗ ಏನಾಗುತ್ತದೆ ಎಂಬುದನ್ನು ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದ ಮಣ್ಣು ವಿಜ್ಞಾನಿ ಎಚ್.ಎಫ್. ಬರ್ಚ್ 1958ರಲ್ಲೇ ಬರೆದರು. ಹೆಂಟೆ ಕರಗಿ ಒಳಗೆ ಅಡಗಿದ್ದ ಸಾವಯವ ಅಂಶ ಹೊರಬೀಳುತ್ತದೆ. ಒಣಗಿ ಸತ್ತ ಸೂಕ್ಷ್ಮಜೀವಿಗಳು ಉಳಿದವುಗಳಿಗೆ ಆಹಾರವಾಗುತ್ತವೆ. ಕೆಲವೇ ಗಂಟೆಗಳಲ್ಲಿ ಮಣ್ಣಿನಿಂದ ಕಾರ್ಬನ್ ಡೈಆಕ್ಸೈಡ್ ಭರಭರನೆ ಹೊರಡುತ್ತದೆ. ಬರೀ ತುಂತುರು ಬಿದ್ದು ನಿಂತರಂತೂ ನಷ್ಟವೇ. ಮೇಲಿನ ಎರಡು ಬೆರಳು ಮಣ್ಣು ನೆನೆದು ಸೂಕ್ಷ್ಮಜೀವಿಗಳು ಎಚ್ಚರವಾಗುತ್ತವೆ, ಬೇರಿಗೆ ಹನಿಯೂ ತಲುಪುವುದಿಲ್ಲ. ಖರ್ಚುಂಟು, ಜಮೆಯಿಲ್ಲ. ಮಳೆಗಳ ನಡುವಿನ ಅಂತರ ಹಿಗ್ಗುತ್ತಿರುವಾಗ ಈ ಖಾತೆಯನ್ನು ನಂಬುವುದು ಹೇಗೆ? 2011ರ ಮಳೆಗೆ ಆಸ್ಟ್ರೇಲಿಯಾದ ಒಣನಾಡು ಹಸಿರಾಗಿ ಅಪಾರ ಇಂಗಾಲ ಹೀರಿತ್ತು. ಮತ್ತೆ ಒಣ ವರ್ಷಗಳು ಬಂದದ್ದೇ ತಡ, ಆ ಹೀರಿಕೆ ಇಳಿದುಹೋಯಿತು.

ಇಂಗಾಲ ಮಾರಲು ಹತ್ತು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿದವನಿಗೆ 2023ರಂಥ ವರ್ಷ ಎದುರಾದರೆ? ಆಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಕರಾರಿನ ಪ್ರಕಾರ ಜೋಳದ ಕಣಿಕೆಯನ್ನು ಹೊಲಕ್ಕೆ ಹೊದಿಸಬೇಕು. ಕೊಟ್ಟಿಗೆಯಲ್ಲಿ ಎತ್ತುಗಳು ಖಾಲಿ ಗೋದಲಿ ನೆಕ್ಕುತ್ತಿರುತ್ತವೆ. ನಾನಾದರೆ ಆ ಕಣಿಕೆಯನ್ನು ಎತ್ತಿಗೇ ಹಾಕುತ್ತೇನೆ.