ರಫ್ತು ನಿಷೇಧಕ್ಕೂ ಒಂದು ಕಟ್ಟುಪಾಡು ಬೇಡವೇ?

ಆಹಾರ ಭದ್ರತೆ ಅಂದ ಕೂಡಲೇ ನಮ್ಮ ಚರ್ಚೆಯೆಲ್ಲ ಈ ಸಲ ಬೆಳೆ ಎಷ್ಟು ಬಂತು, ಗೋದಾಮಿನಲ್ಲಿ ಎಷ್ಟಿದೆ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಬೆಳೆದ ದೇಶ ಇದ್ದಕ್ಕಿದ್ದಂತೆ ರಫ್ತು ನಿಲ್ಲಿಸಿದರೆ ಏನು ಗತಿ ಅನ್ನುವ ಮಾತೇ ಬರುವುದಿಲ್ಲ. 2008ರ ಅಕ್ಕಿ ಬಿಕ್ಕಟ್ಟನ್ನು ನೆನಪಿಸಿಕೊಳ್ಳಿ. ಆ ಹೊತ್ತಿಗೆ ಜಗತ್ತಿನಲ್ಲಿ ಭತ್ತದ ಬೆಳೆಯೇನೂ ಕೈಕೊಟ್ಟಿರಲಿಲ್ಲ. ಆದರೂ ಥಾಯ್ಲೆಂಡ್ ಅಕ್ಕಿಯ ದರ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಮೂರು ಪಟ್ಟಾಗಿ ಟನ್ನಿಗೆ 1000 ಡಾಲರ್ ದಾಟಿತು. ಭಾರತ, ವಿಯೆಟ್ನಾಂ ರಫ್ತಿಗೆ ಕಡಿವಾಣ ಹಾಕಿದವು. ಗಾಬರಿ ಬಿದ್ದ ಫಿಲಿಪ್ಪೀನ್ಸ್ ಸಿಕ್ಕ ದರಕ್ಕೆ ಕೊಳ್ಳಲು ಟೆಂಡರ್ ಮೇಲೆ ಟೆಂಡರ್ ಕರೆಯಿತು. ಹೈಟಿಯಲ್ಲಿ ಜನ ಬೀದಿಗಿಳಿದರು, ಅಲ್ಲಿನ ಪ್ರಧಾನಿಯೇ ಕುರ್ಚಿ ಬಿಡಬೇಕಾಯಿತು.

ದರ ಇಳಿದ ಕಥೆ ಇನ್ನೂ ಸ್ವಾರಸ್ಯದ್ದು. ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಒಪ್ಪಂದದಂತೆ ಜಪಾನ್ ವರ್ಷಾವರ್ಷ ಇಂತಿಷ್ಟು ಅಕ್ಕಿಯನ್ನು ಹೊರಗಿನಿಂದ ತರಿಸಲೇಬೇಕು. ಅಲ್ಲಿನವರು ಉಣ್ಣುವುದು ಹೆಚ್ಚಾಗಿ ಸ್ವಂತ ಬೆಳೆದ ಅಕ್ಕಿಯನ್ನೇ, ಹಾಗಾಗಿ ತರಿಸಿದ್ದರಲ್ಲಿ ಬಹಳಷ್ಟು ಗೋದಾಮಿನಲ್ಲೇ ಇತ್ತು. ಅದನ್ನು ಫಿಲಿಪ್ಪೀನ್ಸಿಗೆ ಕೊಡಬೇಕೆಂದರೆ, ಅದರಲ್ಲಿ ದೊಡ್ಡ ಪಾಲು ಮಾರಿದ್ದ ಅಮೆರಿಕ ತಕರಾರು ತೆಗೆಯಬಾರದು. ಮೇ ತಿಂಗಳಲ್ಲಿ ಅಮೆರಿಕ ‘ನಮ್ಮ ಅಡ್ಡಿಯಿಲ್ಲ’ ಅಂದದ್ದೇ ತಡ, ಒಂದು ಮೂಟೆ ಹಡಗು ಹತ್ತುವ ಮೊದಲೇ ದರ ಇಳಿಯತೊಡಗಿತು. ವಿಯೆಟ್ನಾಂನ ಹೊಸ ಫಸಲೂ ನೆರವಾಯಿತು ಅನ್ನಿ. ಆದರೂ, ಅಕ್ಕಿ ಕೊಡುತ್ತೇವೆ ಅನ್ನುವ ಬರೀ ಮಾತಿಗೇ ಇಷ್ಟು ತೂಕ ಇರುವುದಾದರೆ, ಕೊಡುವುದಿಲ್ಲ ಅನ್ನುವ ಮಾತಿಗೆ ಎಷ್ಟಿರಬೇಡ!

ಇದಕ್ಕೆ ನಿಯಮವೇ ಇಲ್ಲ ಅಂತಲ್ಲ. ದೇಶದೊಳಗೆ ತೀವ್ರ ಕೊರತೆಯಾದರೆ ತಾತ್ಕಾಲಿಕವಾಗಿ ರಫ್ತು ತಡೆಯಲು ಗ್ಯಾಟ್ ಅನ್ನುವ ಜಾಗತಿಕ ವ್ಯಾಪಾರ ಒಪ್ಪಂದದ 11ನೇ ವಿಧಿಯೇ ಅವಕಾಶ ಕೊಡುತ್ತದೆ. ತಡೆಯುವ ಮುಂಚೆ ಡಬ್ಲ್ಯುಟಿಒಗೆ ತಿಳಿಸಿ, ಕೊಳ್ಳುವ ದೇಶಗಳ ಹೊಟ್ಟೆಪಾಡನ್ನೂ ಗಮನಕ್ಕೆ ತಗೊಳ್ಳಿ ಅನ್ನುತ್ತದೆ ಕೃಷಿ ಒಪ್ಪಂದದ 12ನೇ ವಿಧಿ. ಎಷ್ಟು ದಿನ ಮುಂಚೆ? ‘ಸಾಧ್ಯವಾದಷ್ಟು’. ಇಂಥ ಮಾತನ್ನು ಕಾನೂನು ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

2010ರಲ್ಲಿ ಬರ, ಕಾಳ್ಗಿಚ್ಚಿಗೆ ಸಿಕ್ಕ ರಷ್ಯಾ ಗೋಧಿ ರಫ್ತು ನಿಲ್ಲಿಸಿತು. 2022ರಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆ ತಡೆಹಿಡಿಯಿತು. ಅದೇ ವರ್ಷ ಮೇ 13ರಂದು ಭಾರತ ಗೋಧಿ ರಫ್ತನ್ನು ನಿಷೇಧಿಸಿತು. ಜಗತ್ತಿಗೇ ಆಹಾರ ಒದಗಿಸಲು ಸಿದ್ಧ ಎಂದು ದೆಹಲಿ ಹೇಳಿ ಆಗಿನ್ನೂ ಒಂದು ತಿಂಗಳಾಗಿತ್ತಷ್ಟೇ. ಮಾರ್ಚ್ ಬಿಸಿಲಿಗೆ ಗೋಧಿ ಬಾಡಿದ್ದು, ಒಳಗೆ ದರ ಏರಿದ್ದು ಎರಡೂ ನಿಜ. ಆದರೆ ಕಾಂಡ್ಲಾ ಬಂದರಿನ ಹೊರಗೆ ಗೋಧಿ ತುಂಬಿಕೊಂಡ ಸಾವಿರಾರು ಲಾರಿಗಳು ಸಾಲುಗಟ್ಟಿ ನಿಂತುಬಿಟ್ಟವು. ಮೊದಲೇ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ (ಕೊಳ್ಳುವವನ ಪರವಾಗಿ ಹಣ ಕೊಡುವ ಖಾತರಿ ಪತ್ರ) ಆಗಿದ್ದವರಿಗೆ ದಾರಿ ಇತ್ತು, ಮಿಕ್ಕವರದು ದೇವರೇ ಗತಿ. ಹೊರಗಿನ ದರದ ಆಸೆಗೆ ಮಾಲು ಹಿಡಿದಿಟ್ಟುಕೊಂಡಿದ್ದ ರೈತನ ಕಥೆಯೂ ಅಷ್ಟೇ. ರಫ್ತು ನಿಷೇಧ ಅಂದರೆ ಬೆಳೆದವನ ಮೇಲೆ ಹೇರಿದ ತೆರಿಗೆ, ರಸೀದಿ ಕೊಡುವುದಿಲ್ಲ ಅಷ್ಟೇ.

ಹಾಗಂತ ನನಗೆ ಯಾವ ಸರ್ಕಾರದ ಮೇಲೂ ಸಿಟ್ಟಿಲ್ಲ. ಓಟು ಹಾಕುವವರು ಒಳಗಿನವರು, ಮೊದಲು ಅವರ ಹೊಟ್ಟೆ ತುಂಬಬೇಕು. ನನ್ನ ತಕರಾರು ಇರುವುದು ಒಳಗೊಂದು ನ್ಯಾಯ, ಹೊರಗೊಂದು ನ್ಯಾಯ ಅನ್ನುವುದಕ್ಕೆ. ಒಳಗಿನವರಿಗಾಗಿ ಎಷ್ಟು ಅಚ್ಚುಕಟ್ಟಾದ ಕಾಯ್ದೆಗಳು ಬಂದಿವೆ ನೋಡಿ. ಬ್ರೆಜಿಲ್ 2010ರಲ್ಲಿ ಆಹಾರದ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿತು. ಶಾಲೆಯ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ರಷ್ಟು ಸಣ್ಣ ರೈತ ಕುಟುಂಬಗಳಿಂದಲೇ ಕೊಳ್ಳಲು ಖರ್ಚಾಗಬೇಕು ಅಂತ ಅದಕ್ಕೂ ಮೊದಲೇ, 2009ರಲ್ಲಿ, ಕಾಯ್ದೆ ಮಾಡಿತ್ತು. 2019ರಲ್ಲಿ ಬ್ರೆಜಿಲ್‌ಗೆ ಹೊಸ ಸರ್ಕಾರ ಬಂದ ಮೊದಲ ದಿನವೇ ಅಲ್ಲಿನ ರಾಷ್ಟ್ರೀಯ ಆಹಾರ ಭದ್ರತಾ ಮಂಡಳಿಗೆ ಬೀಗ ಬಿತ್ತು, ಶಾಲೆ ಊಟದ ಶೇ. 30 ಮಾತ್ರ ಅಲುಗಲಿಲ್ಲ. ಲೆಕ್ಕ ಬರೆದಿಟ್ಟ ಕಾಯ್ದೆಗೆ ಇರುವ ಗಟ್ಟಿತನ ಅದು. ನೇಪಾಳ 2018ರಲ್ಲಿ, ಭಾರತ 2013ರಲ್ಲಿ ಆಹಾರಕ್ಕಾಗಿ ತಮ್ಮ ತಮ್ಮ ಕಾಯ್ದೆ ತಂದವು.

ಗಡಿಯಾಚೆ ಕಣ್ಣು ಹಾಯಿಸಿದ್ದು ಸ್ವಿಟ್ಜರ್ಲೆಂಡ್. 2017ರ ಜನಮತಗಣನೆಯಲ್ಲಿ ಶೇ. 78ಕ್ಕೂ ಹೆಚ್ಚು ಮಂದಿ ಒಪ್ಪಿ ಸಂವಿಧಾನಕ್ಕೆ ಸೇರಿಸಿದ ಆಹಾರ ಭದ್ರತೆಯ ವಿಧಿಯಲ್ಲಿ, ಸಾಗುವಳಿ ನೆಲ ಉಳಿಸುವುದರ ಜೊತೆಗೆ ಗಡಿಯಾಚೆಯ ವ್ಯಾಪಾರದ ಮಾತೂ ಇದೆ. ಅವರದು ಕೊಂಡು ತಿನ್ನುವ ದೇಶ, ಅದಕ್ಕೇ ಹೊಳೆದಿರಬೇಕು. ಮಾರುವ ದೇಶಗಳಿಗೂ ಅದು ಹೊಳೆಯಲಿ ಅನ್ನುವುದೇ ನನ್ನ ಆಸೆ.

2022ರ ಜೂನ್‌ನಲ್ಲಿ ಡಬ್ಲ್ಯುಟಿಒ ಸಚಿವರ ಸಭೆ ಒಂದು ಹೆಜ್ಜೆ ಇಟ್ಟಿತು: ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮವು ಮಾನವೀಯ ನೆರವಿಗಾಗಿ ಕೊಳ್ಳುವ ಧಾನ್ಯಕ್ಕೆ ರಫ್ತು ತಡೆ ಅನ್ವಯಿಸಬಾರದು. ಒಳ್ಳೆಯದೇ. ಆದರೆ ಹಣ ಕೊಟ್ಟೇ ಕೊಳ್ಳುವ ಬಡ ದೇಶಕ್ಕೆ ಇದರಿಂದ ಏನೂ ಸಿಗಲಿಲ್ಲ. ಆಹಾರ ಭದ್ರತೆಯ ಕಾಯ್ದೆ ಇರುವ ಪ್ರತಿ ದೇಶವೂ ಅದರಲ್ಲೇ ಇನ್ನೊಂದು ಅಧ್ಯಾಯ ಸೇರಿಸಲಿ. ದಾಸ್ತಾನು ಎಷ್ಟಕ್ಕೆ ಇಳಿದರೆ ರಫ್ತಿಗೆ ತಡೆ, ಎಷ್ಟು ದಿನದ ಮುನ್ಸೂಚನೆ, ಯಾವಾಗ ತಾನಾಗಿ ತೆರವು ಎಂಬುದೆಲ್ಲ ಅಂಕಿಯಲ್ಲೇ ಇರಲಿ. ಆಗಲೇ ಸಹಿಯಾದ ಒಪ್ಪಂದದ ಮಾಲನ್ನು ಮಾತ್ರ ಮುಟ್ಟಬಾರದು.

ಇದು ಸಾರ್ವಭೌಮತ್ವದ ಪ್ರಶ್ನೆ ಅಂತ ಕಾಮೆಂಟಿನಲ್ಲಿ ಯಾರಾದರೂ ಬರೆದೇ ಬರೆಯುತ್ತೀರಿ. ನಾವೇ ಮಾರಿದ ಮಾಲನ್ನು ಹೊತ್ತ ಲಾರಿಯನ್ನು ಬಂದರಿನೊಳಗೆ ಬಿಟ್ಟರೆ ಯಾವ ಸಾರ್ವಭೌಮತ್ವ ಮುಕ್ಕಾಗುತ್ತದೋ ಅದನ್ನೂ ಜೊತೆಗೆ ಬರೆಯಿರಿ.